ಮಗು ಬಂತು

ಟನುಂಡದ ಗ್ರಂಥಾಲಯದಲ್ಲಿ ಭಿತ್ತಿಪತ್ರ ಬರೆಯುವುದು ನನ್ನ ಪಾಲಿನ ಕೆಲಸ.
ಶನಿವಾರ ಸಂಜೆ, ಲುಥೆರನ್ ಚರ್ಚಿನ ಹಾಲ್,
ಪೀಪಾಯಿ ಕಟ್ಟುವ ಟ್ರೆಲೋರನ ಮಗ ರೂವನ್, ಒಂಬತ್ತು ವರ್ಷ,
ಪಿಯಾನೊ. ಪ್ರವೇಶ ಉಚಿತ. ಆಮೇಲೆ ಕೇಕು.
ಹೆಸರಿನ ಮುಂದೆ ಏನು ಹಾಕಲಿ ಅಂದರೆ
ಸಮಿತಿ ಒಕ್ಕೊರಲಲ್ಲಿ: ವುಂಡರ್‌ಕಿಂಡ್.

ಕಿಂಡ್ ಅಂದಾಗ ನನ್ನ ಕಿವಿಗೆ ಮೊದಲು ಬಿದ್ದದ್ದು ಕಿಂಡಿ.
ಗೋಡೆಯಲ್ಲೊಂದು ತೂತು, ಆಚೆ ಬೆಳಕು,
ಈಚೆ ನೂಕುನುಗ್ಗಲು, ಎಲ್ಲರಿಗೂ ಇಣುಕಬೇಕು.
ನಿಘಂಟು ತೆರೆದೆ: ಸೋಜಿಗದ ಕೂಸು.

ನಮ್ಮಲ್ಲಿ ಇದಕ್ಕೆ ಪದ ಇಲ್ಲವೆಂದಲ್ಲ.
ಬಾಲಪ್ರತಿಭೆ ಇದೆ, ಸನ್ಮಾನಪತ್ರದಲ್ಲಿ, ಶಾಲಿನ ಜೊತೆ.
ಮನೆಯೊಳಗೆ ಯಾರೂ ಬಳಸಿದ್ದು ಕೇಳಿಲ್ಲ.
ಮೂರು ವರ್ಷದ ತಮ್ಮ ಗೋಡೆಯ ಕ್ಯಾಲೆಂಡರ್ ಗಡಗಡ ಓದಿದಾಗ
ಅಜ್ಜಿ ಹೊಗಳಲಿಲ್ಲ. ಒಲೆಯ ಮುಂದೆ ಕೂರಿಸಿ
ಉಪ್ಪು ಮೆಣಸಿನಕಾಯಿ ನಿವಾಳಿಸಿ, ಥೂ ಥೂ,
"ಏನು ಕೋತಿಯೋ ಇದು" ಅಂದಳು.
ಮೆಣಸಿನಕಾಯಿ ಘಾಟೇ ಇಲ್ಲದೆ ಚಟಪಟ ಸುಟ್ಟಿತು.
ನಮ್ಮ ಮನೆಯ ಬಿರುದು ಅಷ್ಟೇ.

ತಪ್ಪು ತಿದ್ದಲು ಬಂದಳು ಹೆಡ್ವಿಗ್ ಜಿಲ್ಮ್, ಎಂಬತ್ತೆಂಟು,
ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ
ಗಡುವು ದಾಟಿದ ಪತ್ತೇದಾರಿ ಕಾದಂಬರಿ.
ಗಾಜಿಗೆ ಮೂಗು ತಾಗಿಸಿ ಓದಿದಳು.
"ಜರ್ಮನ್‌ನಲ್ಲಾದರೆ ಮೊದಲು ದೊಡ್ಡಕ್ಷರ. ಇಂಗ್ಲಿಷಿಗೆ ಬಂದು
ಸಣ್ಣದಾಗಿದೆ, ಪಾಪ, ಹಡಗಿಳಿದ ನಮ್ಮ ಮುತ್ತಜ್ಜನ ಹಾಗೆ.
ಇಬ್ಬರಿದ್ದರೆ ಬಾಲಕ್ಕೆ ಎಸ್ ಹಚ್ಚುತ್ತಾರೆ. ಕಿಂಡರ್ ಅನ್ನಬೇಕು!
ಕಿಂಡರ್‌ಗಾರ್ಟನ್ ಅಂತ ನಾಲಿಗೆ ಹೊರಳುತ್ತದಲ್ಲ?
ಮೂವತ್ತೆರಡರ ವೈನ್ ತಯಾರಕನಿಗೂ ಪೇಪರಿನವರು
ಅದನ್ನೇ ಅನ್ನುತ್ತಾರೆ. ಗಡ್ಡ ಬಂದ ಕೂಸು."
ಆಮೇಲೆ ದನಿ ತಗ್ಗಿಸಿ:
"ಕಿಂಡ್ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದು 'ಅದು'.
ಇಲ್ಲಿಯವರಿಗೆ ಹೇಳಿದರೆ ನಗುತ್ತಾರೆ."

ನಾನು ನಗಲಿಲ್ಲ.
ನಮ್ಮಲ್ಲೂ ಹಾಗೆಯೇ, ಅಂದೆ. ಮಗು ಬಂತು, ಮಗು ಅತ್ತಿತು,
ಮಗು ಮಲಗಿತು. ಅವನು ಅವಳು ಎಲ್ಲ ಆಮೇಲಿನ ಮಾತು,
ಲೋಕ ಬಂದು ಲೆಕ್ಕ ಕೇಳಿದ ಮೇಲೆ.
ಬರೆದು ತೋರಿಸು ಅಂದಳು. ರಸೀದಿಯ ಹಿಂದೆ ಬರೆದೆ: ಬಂತು.
ನಡುವಿನ ಸೊನ್ನೆಯನ್ನು ಬೆರಳಿಂದ ಮುಟ್ಟಿ ನೋಡಿದಳು.

ಅವಳೂ ಒಂದು ಕಾಲಕ್ಕೆ ಆ ಪದವಾಗಿದ್ದಳಂತೆ.
ಯುದ್ಧದ ವರ್ಷ. ಏಳರ ಹುಡುಗಿ, ಚರ್ಚಿನ ಆರ್ಗನ್,
ಪೆಡಲಿಗೆ ಕಾಲು ಎಟುಕದೆ ಬೂಟಿಗೆ ಮರದ ಅಟ್ಟೆ ಕಟ್ಟಿಕೊಂಡು.
ಬೀದಿಯಲ್ಲಿ ಜರ್ಮನ್ ಆಡುವಂತಿರಲಿಲ್ಲ.
ಅಪ್ಪ ಕಿಟಕಿ ಮುಚ್ಚಿ, ಕಿವಿಯ ಹತ್ತಿರ ಬಾಗಿ,
ಒಂದೇ ಒಂದು ಸಲ ಅಂದಿದ್ದ.
"ಆಮೇಲೆ?"
"ಆಮೇಲೆ ಹದಿನಾಲ್ಕಾಯಿತು. ಕಾಲು ಎಟುಕಿತು.
ಎಟುಕಿದವಳನ್ನು ಯಾರು ನೋಡುತ್ತಾರೆ?
ನಲವತ್ತು ವರ್ಷ ದ್ರಾಕ್ಷಿ ಕೊಯ್ದೆ, ಭಾನುವಾರ ಬಾರಿಸಿದೆ.
ಚೆನ್ನಾಗಿಯೇ ಬಾರಿಸಿದೆ."
ಪುಸ್ತಕದ ದಂಡ ಎಣಿಸಿ ಕೊಟ್ಟು ಹೋದಳು.

ಶನಿವಾರ ಹಾಳೆ ತಿರುವಲು ನಾನು ರೂವನ್ ಪಕ್ಕ.
ಅವನ ಉಗುರಲ್ಲಿ ಓಕ್ ಮರದ ಹೊಟ್ಟು.
ಬೆರಳು ಓಡುತ್ತಲೇ ಇತ್ತು, ಕೆನ್ನೆಯೊಳಗೆ ನಾಲಿಗೆ
ಬೇರೇನೋ ಕೆಲಸ ಮಾಡುತ್ತಿತ್ತು.
ಮೂರನೇ ಹಾಳೆಯ ನಡುವೆ ನಿಂತುಬಿಟ್ಟ.
ಬಿಳಿ ಕೀ ಮೇಲೆ ಒಂದು ಹನಿ ಕೆಂಪು.
ಸಭೆ ಉಸಿರು ಹಿಡಿಯಿತು, ಸೋಜಿಗಕ್ಕೆಂದೇ ಬಂದ ಸಭೆ.
ಅಂಗೈ ನನ್ನೆದುರು ಬಿಚ್ಚಿ,
ಹೊಸ ಕಿಂಡಿಯಿಂದ ಗಾಳಿ ಬಿಡುತ್ತ ಪಿಸುಗುಟ್ಟಿದ:
"ಬಿತ್ತು."

ಮುಂದಿನ ಸಾಲಿನಲ್ಲಿ ಹೆಡ್ವಿಗ್ ಒಬ್ಬಳೇ ನಕ್ಕಳು, ಗಟ್ಟಿಯಾಗಿ.
ಕಿಂಡ್, ಅಂದಳು. ವುಂಡರನ್ನು ಬಿಟ್ಟು ಬರೀ ಅಷ್ಟು.
ನಾನು ಕರವಸ್ತ್ರ ಕೊಟ್ಟೆ.
ಮಗು ಬಾಯಿ ಒರೆಸಿಕೊಂಡಿತು,
ಹಲ್ಲನ್ನು ಜೇಬಿಗೆ ಹಾಕಿಕೊಂಡಿತು,
ಎಲ್ಲಿದ್ದೆವು, ಅಂತ ಕೇಳಿತು.